ಐಸೋನಿಯಾಜಿಡ್: ಒಂದು ಚಿಕ್ಕ ಸಾವಯವ ಅಣು ಔಷಧವಾದ ಬಗೆ

ಪ್ರಸ್ತಾವನೆ

ಔಷಧ ವಿಜ್ಞಾನದಲ್ಲಿ ‘ಚಿಕ್ಕ ಅಣು’ ಎಂಬ ಮಾತಿಗೆ ಒಂದು ವಿಶಿಷ್ಟ ಅರ್ಥವಿದೆ. ಇಂಗಾಲದ ಚೌಕಟ್ಟನ್ನು ಹೊಂದಿದ್ದು, ಸಾಮಾನ್ಯವಾಗಿ ಅಣುತೂಕವು ಒಂಬೈನೂರನ್ನು ಮೀರದ ಸಂಯುಕ್ತಗಳನ್ನು ಈ ಹೆಸರಿನಿಂದ ಗುರುತಿಸುವುದು ರೂಢಿ. ಇನ್ಸುಲಿನ್ ಎಂಬ ಪ್ರೋಟೀನಿನ ಅಣುತೂಕ ಸುಮಾರು 5,800. ಇಂದು ಚಿಕಿತ್ಸೆಯಲ್ಲಿ ಬಳಕೆಯಾಗುತ್ತಿರುವ ಪ್ರತಿಕಾಯಗಳ ಅಣುತೂಕವಾದರೋ ಲಕ್ಷವನ್ನೂ ದಾಟುತ್ತದೆ. ಇಂತಹ ದೊಡ್ಡ ಅಣುಗಳನ್ನು ಸಾಮಾನ್ಯವಾಗಿ ಚುಚ್ಚುಮದ್ದಿನ ಮೂಲಕ ಕೊಡಬೇಕಾಗುತ್ತದೆ. ಶೀತಲ ಪೆಟ್ಟಿಗೆಯಲ್ಲಿಯೇ ಕಾಪಾಡಬೇಕು. ಚಿಕ್ಕ ಅಣುವಿನ ಅನುಕೂಲವೇ ಬೇರೆ. ಅದನ್ನು ಮಾತ್ರೆಯಾಗಿ ನುಂಗಬಹುದು. ಅದು ಕರುಳಿನಿಂದ ರಕ್ತಕ್ಕೂ ರಕ್ತದಿಂದ ಜೀವಕೋಶದ ಒಳಕ್ಕೂ ಸೇರಬಲ್ಲದು. ತಿಂಗಳುಗಟ್ಟಲೆ ಒಂದು ಹಳ್ಳಿಯ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಕೆಡದೆ ಉಳಿಯಬಲ್ಲದು.

ಆದರೆ ಪ್ರಯೋಗಶಾಲೆಯಲ್ಲಿ ತಯಾರಾದ ಮಾತ್ರಕ್ಕೆ ಒಂದು ಅಣು ಔಷಧವಾಗುವುದಿಲ್ಲ. ಹಾಗಾದರೆ ಅದು ಔಷಧವಾಗುವುದು ಯಾವಾಗ? ಈ ಪ್ರಶ್ನೆಯನ್ನು ಒಂದೇ ಒಂದು ಅಣುವಿನ ಚರಿತ್ರೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕ್ಷಯರೋಗದ ಚಿಕಿತ್ಸೆಯಲ್ಲಿ 1952ರಿಂದ ಇಂದಿನವರೆಗೂ ಬಳಕೆಯಲ್ಲಿರುವ ಐಸೋನಿಯಾಜಿಡ್ ಆ ಅಣು. ಅದರ ಸಂಶ್ಲೇಷಣೆ ಅತ್ಯಂತ ಸರಳ. ರಚನೆ ಅತ್ಯಂತ ಚಿಕ್ಕದು. ಆದರೂ ಅದರ ಗುಣವನ್ನು ಅರಿಯಲು ನಲವತ್ತು ವರ್ಷಗಳೂ, ಅದು ಕೆಲಸ ಮಾಡುವ ಬಗೆಯನ್ನು ತಿಳಿಯಲು ಮತ್ತೆ ನಲವತ್ತು ವರ್ಷಗಳೂ ಬೇಕಾದವು. ಈ ನಡುವೆ ಅದನ್ನು ಬಡ ರೋಗಿಯ ಮನೆಯ ಬಾಗಿಲಿಗೆ ತಲುಪಿಸುವ ವಿಧಾನ ರೂಪುಗೊಂಡಿದ್ದು ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಮದರಾಸು ಮತ್ತು ಬೆಂಗಳೂರುಗಳಲ್ಲಿ, ಎಂಬುದು ನಾವು ನೆನೆಯಬೇಕಾದ ಸಂಗತಿ.

ಅಣುವಿನ ರಚನೆ ಮತ್ತು ಸಂಶ್ಲೇಷಣೆ

ಐಸೋನಿಯಾಜಿಡ್‌ನ ಅಣುವಿನಲ್ಲಿ ಇರುವುವು ಒಟ್ಟು ಹದಿನೇಳು ಪರಮಾಣುಗಳು: ಆರು ಇಂಗಾಲ, ಏಳು ಜಲಜನಕ, ಮೂರು ಸಾರಜನಕ, ಒಂದು ಆಮ್ಲಜನಕ. ಅಣುತೂಕ 137. ಇದರ ಒಂದು ತುದಿಯಲ್ಲಿ ಪಿರಿಡೀನ್ ಉಂಗುರವಿದೆ. ಬೆಂಜೀನ್ ಉಂಗುರದ ಆರು ಇಂಗಾಲಗಳ ಪೈಕಿ ಒಂದರ ಸ್ಥಾನದಲ್ಲಿ ಸಾರಜನಕವನ್ನು ಇರಿಸಿದರೆ ದೊರೆಯುವ ಉಂಗುರ ಇದು. ಆ ಸಾರಜನಕಕ್ಕೆ ನೇರ ಎದುರಾಗಿರುವ, ಅಂದರೆ ನಾಲ್ಕನೆಯ ಸ್ಥಾನದ ಇಂಗಾಲಕ್ಕೆ ಒಂದು ಕಾರ್ಬಾನಿಲ್ ಗುಂಪೂ, ಅದಕ್ಕೆ ಅಂಟಿಕೊಂಡಂತೆ ಎರಡು ಸಾರಜನಕಗಳುಳ್ಳ ಹೈಡ್ರಜೀನ್‌ನ ಶೇಷವೂ ಸೇರಿಕೊಂಡಿವೆ. ರಸಾಯನ ವಿಜ್ಞಾನಿಯ ಮಾತಿನಲ್ಲಿ ಇದು ಐಸೋನಿಕೊಟಿನಿಕ್ ಆಮ್ಲದ ಹೈಡ್ರಜೈಡು. ಶುದ್ಧರೂಪದಲ್ಲಿ ಬಿಳಿಯ ಹರಳು. ನೀರಿನಲ್ಲಿ ಸುಲಭವಾಗಿ ಕರಗುತ್ತದೆ.

ಈ ಅಣುವಿನ ತಯಾರಿಕೆಗೆ ಮೂಲವಸ್ತು ಗಾಮಾ-ಪಿಕೊಲೀನ್. ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿದಾಗ ಬರುವ ಟಾರಿನಲ್ಲಿ ಇದು ದೊರೆಯುತ್ತದೆ. ಆದರೆ ಇದರ ಕುದಿಬಿಂದುವಿನ ಸಮೀಪದಲ್ಲಿಯೇ, ಸುಮಾರು 144–145 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೀಟಾ-ಪಿಕೊಲೀನ್ ಹಾಗೂ ಲ್ಯುಟಿಡೀನ್‌ಗಳೂ ಕುದಿಯುವುದರಿಂದ ಕೇವಲ ಬಟ್ಟಿ ಇಳಿಸಿ ಇವುಗಳನ್ನು ಬೇರ್ಪಡಿಸುವುದು ಕಷ್ಟ. ಈ ತೊಡಕನ್ನು ಬಿಟ್ಟರೆ ಉಳಿದ ದಾರಿ ನೇರವಾದುದು. ಪಿಕೊಲೀನ್‌ನ ಮಿಥೈಲ್ ಗುಂಪನ್ನು ಪೊಟ್ಯಾಸಿಯಮ್ ಪರ್ಮಾಂಗನೇಟಿನಿಂದ ಉತ್ಕರ್ಷಿಸಿದರೆ ಐಸೋನಿಕೊಟಿನಿಕ್ ಆಮ್ಲ ಸಿಗುತ್ತದೆ. ಅದನ್ನು ಆಮ್ಲೀಯ ಮಾಧ್ಯಮದಲ್ಲಿ ಆಲ್ಕೊಹಾಲಿನೊಡನೆ ಕುದಿಸಿದರೆ ಎಸ್ಟರಾಗುತ್ತದೆ. ಎಸ್ಟರನ್ನು ಹೈಡ್ರಜೀನ್ ಹೈಡ್ರೇಟಿನೊಡನೆ ಕಾಯಿಸಿದಾಗ ಹೈಡ್ರಜೀನ್‌ನ ಸಾರಜನಕವು ಕಾರ್ಬಾನಿಲ್ ಇಂಗಾಲದ ಮೇಲೆರಗಿ ಆಲ್ಕೊಹಾಲನ್ನು ಹೊರದೂಡುತ್ತದೆ. ದ್ರಾವಣ ತಣಿದಂತೆ ಐಸೋನಿಯಾಜಿಡ್ ಹರಳುಗಟ್ಟುತ್ತದೆ. ಪದವಿ ತರಗತಿಯ ವಿದ್ಯಾರ್ಥಿಗೂ ಈ ಮೂರು ಹಂತಗಳ ತತ್ತ್ವ ಅರ್ಥವಾಗುವಂಥದು. ಕೈಗಾರಿಕೆಯಲ್ಲಿ ಮುಂದೆ ಬೇರೊಂದು ಮಾರ್ಗ ಬಳಕೆಗೆ ಬಂದಿತು. ಪಿಕೊಲೀನ್, ಅಮೋನಿಯ ಮತ್ತು ಗಾಳಿಯನ್ನು ಒಟ್ಟಿಗೆ ಬಿಸಿಯಾದ ವೆನೇಡಿಯಮ್ ಆಕ್ಸೈಡಿನ ವೇಗವರ್ಧಕದ ಮೇಲೆ ಹಾಯಿಸಿ ಸಯನೋಪಿರಿಡೀನ್ ಪಡೆದು, ಅದನ್ನು ಜಲವಿಭಜನೆಗೊಳಿಸಿ ಹೈಡ್ರಜೀನ್‌ನೊಡನೆ ಕೂಡಿಸುವುದು ಆ ಮಾರ್ಗ. ಹೈಡ್ರಜೀನ್ ವಿಷಕಾರಿಯಾದ್ದರಿಂದ ಸಿದ್ಧವಸ್ತುವಿನಲ್ಲಿ ಅದರ ಲೇಶವೂ ಮಿತಿಮೀರಿ ಉಳಿಯದಂತೆ ಶುದ್ಧೀಕರಿಸುವುದು ತಯಾರಕರ ಮುಖ್ಯ ಹೊಣೆ.

ನಲವತ್ತು ವರ್ಷಗಳ ಮೌನ

ಈ ಸಂಯುಕ್ತವನ್ನು ಮೊದಲ ಬಾರಿಗೆ ತಯಾರಿಸಿದವರು ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾಲಯದ ಹಾನ್ಸ್ ಮೆಯರ್ ಮತ್ತು ಅವರ ವಿದ್ಯಾರ್ಥಿ ಯೋಸೆಫ್ ಮಾಲಿ. ವರ್ಷ 1912. ಅವರ ಆಸಕ್ತಿ ಪಿರಿಡೀನ್ ಆಮ್ಲಗಳ ಹೈಡ್ರಜೀನ್ ಜನ್ಯಗಳ ರಸಾಯನ ವಿಜ್ಞಾನವೇ ಹೊರತು ರೋಗ ಚಿಕಿತ್ಸೆಯಲ್ಲ. ರಾಬರ್ಟ್ ಕಾಕ್ 1882ರಲ್ಲಿಯೇ ಕ್ಷಯದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದರು. ರೋಗಕಾರಕ ತಿಳಿದಿತ್ತು, ಅದನ್ನು ಕೊಲ್ಲಬಲ್ಲ ಅಣುವೂ ಸಿದ್ಧವಾಗಿತ್ತು. ಆದರೆ ಇವೆರಡನ್ನೂ ಒಂದೇ ಮೇಜಿನ ಮೇಲೆ ತಂದು ಪರೀಕ್ಷಿಸುವ ಪ್ರಸಂಗವೇ ಒದಗಲಿಲ್ಲ. ಆ ನಾಲ್ಕು ದಶಕಗಳ ಬಹುಭಾಗದಲ್ಲಿ ಕ್ಷಯರೋಗಿಗೆ ದೊರೆಯುತ್ತಿದ್ದುದು ವಿಶ್ರಾಂತಿ, ಪೌಷ್ಟಿಕ ಆಹಾರ, ಶುದ್ಧ ಗಾಳಿ, ಹೆಚ್ಚೆಂದರೆ ಶ್ವಾಸಕೋಶವನ್ನು ಕುಗ್ಗಿಸುವ ಶಸ್ತ್ರಕ್ರಿಯೆ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಸ್ಥಾಪಿತವಾದ ಆರೋಗ್ಯಧಾಮವೂ ಇದೇ ಕಾಲದ್ದು. ಅರಮನೆಯ ವೈಭವವೂ ಈ ರೋಗದಿಂದ ರಕ್ಷಣೆ ಕೊಡಲಾರದೆ ಹೋಗಿದ್ದ ಕಾಲ ಅದು.

ಮೌನ ಮುರಿದದ್ದು ಎರಡು ಬೇರೆ ಬೇರೆ ದಾರಿಗಳು ಕೂಡಿದಾಗ. ಮೊದಲನೆಯದು ಜರ್ಮನಿಯದು. ಸಲ್ಫಾ ಔಷಧಗಳ ಸಂಶೋಧನೆಗಾಗಿ 1939ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದ ಗೆರ್ಹಾರ್ಡ್ ಡೊಮಾಕ್ ಮತ್ತು ಅವರ ಸಹೋದ್ಯೋಗಿಗಳು ಥಯೋಸೆಮಿಕಾರ್ಬಜೋನ್ ಎಂಬ ಗುಂಪಿನ ಸಂಯುಕ್ತಗಳು ಕ್ಷಯದ ಬ್ಯಾಕ್ಟೀರಿಯಾವನ್ನು ತಡೆಯುತ್ತವೆಂದು 1946ರಲ್ಲಿ ಪ್ರಕಟಿಸಿದರು. ಥಯಾಸಿಟಜೋನ್ ಈ ಗುಂಪಿನಿಂದ ಬಂದ ಔಷಧ. ಎರಡನೆಯದು ಫ್ರಾನ್ಸಿನದು. ನಿಕೊಟಿನಮೈಡ್ ಎಂಬ ಬಿ ವಿಟಮಿನ್ನಿಗೆ ಕ್ಷಯದ ಮೇಲೆ ಕೊಂಚ ಪ್ರಭಾವವಿದೆಯೆಂದು ವಿಟಾಲ್ ಶೊರಿನ್ 1945ರಲ್ಲಿ ತೋರಿಸಿದರು. ನಿಕೊಟಿನಮೈಡಿನಲ್ಲಿ ಇರುವುದು ಪಿರಿಡೀನ್ ಉಂಗುರ. ಈ ಉಂಗುರವನ್ನೂ ಥಯೋಸೆಮಿಕಾರ್ಬಜೋನ್ ಗುಂಪನ್ನೂ ಒಂದೇ ಅಣುವಿನಲ್ಲಿ ಕೂಡಿಸಿದರೆ ಏನಾಗಬಹುದು? ಅಂದಿನ ಔಷಧ ರಸಾಯನ ವಿಜ್ಞಾನಿಗಳಿಗೆ ಇದು ಸಹಜವಾದ ಪ್ರಶ್ನೆಯಾಗಿತ್ತು.

ಅಮೆರಿಕದ ಹಾಫ್‌ಮನ್-ಲಾ ರೋಷ್ ಸಂಸ್ಥೆಯಲ್ಲಿ ಹರ್ಬರ್ಟ್ ಫಾಕ್ಸ್ ಇಂತಹ ಅಣುವನ್ನು ಕಟ್ಟಲು ಹೊರಟರು. ಆ ದಾರಿಯ ನಡುವಣ ಹಂತದಲ್ಲಿ ದೊರೆಯುತ್ತಿದ್ದ ವಸ್ತುವೇ ಐಸೋನಿಯಾಜಿಡ್. ಅದನ್ನೂ ಪರೀಕ್ಷೆಗೆ ಒಡ್ಡಿದಾಗ, ಉದ್ದೇಶಿಸಿದ್ದ ಅಣುವಿಗಿಂತ ಈ ನಡುವಣ ವಸ್ತುವೇ ಹಲವು ಪಟ್ಟು ಪ್ರಬಲವೆಂದು ತಿಳಿದುಬಂದಿತು. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಸ್ಕ್ವಿಬ್ ಸಂಸ್ಥೆಯವರೂ ಜರ್ಮನಿಯ ಬೇಯರ್ ಸಂಸ್ಥೆಯವರೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದಿದ್ದರು. ಮೂವರೂ ಪೇಟೆಂಟಿನ ಬಗ್ಗೆ ವಿಚಾರಿಸಿದಾಗ ಎದುರಾದದ್ದು 1912ರ ಆ ಹಳೆಯ ಪ್ರಬಂಧ. ಅಣು ಅದಾಗಲೇ ಲೋಕಕ್ಕೆ ಪ್ರಕಟವಾಗಿದ್ದುದರಿಂದ ಅದರ ಮೇಲೆ ಯಾರೊಬ್ಬರ ಏಕಸ್ವಾಮ್ಯವೂ ಸಾಧ್ಯವಾಗಲಿಲ್ಲ. ಈ ಔಷಧ ಮುಂದೆ ಬಡ ರಾಷ್ಟ್ರಗಳ ಕೈಗೆಟುಕಿದ್ದಕ್ಕೆ ಇದೂ ಒಂದು ಮುಖ್ಯ ಕಾರಣವಾಯಿತು.

ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿದ್ದ ಸೀ ವ್ಯೂ ಆಸ್ಪತ್ರೆಯಲ್ಲಿ 1951ರಲ್ಲಿ ಎಡ್ವರ್ಡ್ ರಾಬಿಟ್ಜೆಕ್ ಮತ್ತು ಇರ್ವಿಂಗ್ ಸೆಲಿಕಾಫ್ ಅವರು ಬೇರೆ ಚಿಕಿತ್ಸೆಗಳಿಗೆ ಬಗ್ಗದಿದ್ದ ರೋಗಿಗಳಿಗೆ ಇದನ್ನು ಕೊಟ್ಟರು. ಕೆಲವೇ ವಾರಗಳಲ್ಲಿ ಜ್ವರ ಇಳಿಯಿತು, ಹಸಿವು ಮರಳಿತು, ತೂಕ ಹೆಚ್ಚಿತು. 1952ರ ಆರಂಭದಲ್ಲಿ ಈ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾದಾಗ ಕ್ಷಯದ ಅಂತ್ಯವೇ ಸಮೀಪಿಸಿತೆಂಬ ಭಾವನೆ ಎಲ್ಲೆಡೆ ಹಬ್ಬಿತು.

ರಚನೆಗೂ ಕ್ರಿಯೆಗೂ ಇರುವ ಸಂಬಂಧ

ಒಂದು ಅಣುವಿಗೆ ಔಷಧ ಗುಣವಿದೆಯೆಂದು ತಿಳಿದೊಡನೆ ರಸಾಯನ ವಿಜ್ಞಾನಿ ಅದರ ನೆರೆಹೊರೆಯ ಅಣುಗಳನ್ನು ಕಟ್ಟಿ ನೋಡುತ್ತಾನೆ. ಐಸೋನಿಯಾಜಿಡ್‌ನ ವಿಷಯದಲ್ಲಿ ದೊರೆತ ಫಲಿತಾಂಶ ಬೋಧಪ್ರದವಾಗಿದೆ. ಹೈಡ್ರಜೈಡ್ ಗುಂಪನ್ನು ಉಂಗುರದ ನಾಲ್ಕನೆಯ ಸ್ಥಾನದಿಂದ ಮೂರನೆಯ ಅಥವಾ ಎರಡನೆಯ ಸ್ಥಾನಕ್ಕೆ ಸರಿಸಿದರೆ ಪರಮಾಣುಗಳ ಸಂಖ್ಯೆಯಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ. ಆದರೆ ಕ್ಷಯದ ಮೇಲಿನ ಪ್ರಭಾವ ಬಹುಮಟ್ಟಿಗೆ ಕುಸಿಯುತ್ತದೆ. ಪಿರಿಡೀನ್‌ನ ಬದಲು ಬೆಂಜೀನ್ ಉಂಗುರವನ್ನಿಟ್ಟರೂ ಹಾಗೆಯೇ. ಉಂಗುರಕ್ಕೆ ಬೇರೆ ಗುಂಪುಗಳನ್ನು ಸೇರಿಸಿದ ನೂರಾರು ಸಂಯುಕ್ತಗಳಲ್ಲಿ ಮೂಲ ಅಣುವನ್ನು ಮೀರಿಸಿದುದು ಚಿಕಿತ್ಸೆಯ ಬಳಕೆಗೆ ಬರಲಿಲ್ಲ.

ಈ ಹುಡುಕಾಟವು ಬೇರೊಂದು ದಿಕ್ಕಿನಲ್ಲಿ ಫಲ ಕೊಟ್ಟಿತು. ಹೈಡ್ರಜೈಡಿನ ತುದಿಯ ಸಾರಜನಕಕ್ಕೆ ಐಸೋಪ್ರೊಪೈಲ್ ಗುಂಪನ್ನು ಸೇರಿಸಿ ಪಡೆದ ಐಪ್ರೋನಿಯಾಜಿಡ್ ಅನ್ನು ಸೇವಿಸಿದ ಕ್ಷಯರೋಗಿಗಳು ಅಸಹಜವೆನಿಸುವಷ್ಟು ಉಲ್ಲಾಸದಿಂದ ಇರುವುದನ್ನು ವೈದ್ಯರು ಗಮನಿಸಿದರು. ಅದು ಮಾನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುತ್ತದೆಂದು 1952ರಲ್ಲಿ ತಿಳಿಯಿತು. 1957ರ ವೇಳೆಗೆ ಅದನ್ನು ಖಿನ್ನತೆಯ ಚಿಕಿತ್ಸೆಯಲ್ಲಿ ಬಳಸತೊಡಗಿದರು. ಯಕೃತ್ತಿಗೆ ಹಾನಿಯುಂಟುಮಾಡುತ್ತಿದ್ದುದರಿಂದ ಅಮೆರಿಕದಲ್ಲಿ 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತಾದರೂ, ಖಿನ್ನತೆಗೆ ರಾಸಾಯನಿಕ ಚಿಕಿತ್ಸೆ ಸಾಧ್ಯವೆಂಬ ಅರಿವು ಮೂಡುವುದಕ್ಕೆ ಅದು ಕಾರಣವಾಯಿತು. ಮೂರು ಇಂಗಾಲಗಳ ಒಂದು ಗುಂಪು ಸೇರಿದ ಮಾತ್ರಕ್ಕೆ ಅಣುವಿನ ಗುರಿ ಬ್ಯಾಕ್ಟೀರಿಯಾದಿಂದ ಮಿದುಳಿಗೆ ಹೊರಳಿತೆಂಬುದು ಗಮನಾರ್ಹ.

ಒಂಟಿ ಔಷಧದ ಸೋಲು

1952ರ ಉತ್ಸಾಹ ಹೆಚ್ಚುಕಾಲ ಉಳಿಯಲಿಲ್ಲ. ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿ ನಡೆಸಿದ ಪ್ರಯೋಗದಲ್ಲಿ, ಐಸೋನಿಯಾಜಿಡ್ ಒಂದನ್ನೇ ಪಡೆದ ರೋಗಿಗಳು ಮೊದಮೊದಲು ಚೇತರಿಸಿಕೊಂಡರೂ ಕೆಲವೇ ತಿಂಗಳಲ್ಲಿ ಅವರ ಕಫದಲ್ಲಿ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳು ಕಾಣಿಸಿಕೊಂಡವು. ಇದರ ಹಿಂದಿನ ಲೆಕ್ಕ ಸರಳವಾದುದು. ಕ್ಷಯದ ಬ್ಯಾಕ್ಟೀರಿಯಾಗಳಲ್ಲಿ ಸರಿಸುಮಾರು ಹತ್ತು ಲಕ್ಷಕ್ಕೆ ಒಂದರಂತೆ, ಆಕಸ್ಮಿಕ ಉತ್ಪರಿವರ್ತನೆಯಿಂದಾಗಿ, ಐಸೋನಿಯಾಜಿಡ್ ಅನ್ನು ಎದುರಿಸಬಲ್ಲವು ಮೊದಲೇ ಇರುತ್ತವೆ. ಶ್ವಾಸಕೋಶದಲ್ಲಿ ರೋಗದಿಂದ ಉಂಟಾದ ಒಂದು ಕುಹರದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಔಷಧವು ದುರ್ಬಲವಾದುವನ್ನು ಕೊಂದಂತೆ, ಬಲಿಷ್ಠವಾದುವು ತೆರವಾದ ಜಾಗದಲ್ಲಿ ವೃದ್ಧಿಯಾಗುತ್ತವೆ. ಎರಡು ಬೇರೆ ಔಷಧಗಳನ್ನು ಒಟ್ಟಿಗೆ ಕೊಟ್ಟರೆ, ಎರಡನ್ನೂ ಎದುರಿಸಬಲ್ಲ ಬ್ಯಾಕ್ಟೀರಿಯಾ ಇರುವ ಸಂಭವ ಎರಡು ಪ್ರಮಾಣಗಳ ಗುಣಲಬ್ಧವಾಗುತ್ತದೆ, ಅಂದರೆ ಅತ್ಯಲ್ಪವಾಗುತ್ತದೆ.

ಆ ವೇಳೆಗೆ ಇನ್ನೆರಡು ಔಷಧಗಳು ಕೈಸೇರಿದ್ದವು. 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಸ್ಟ್ರೆಪ್ಟೊಮೈಸಿನ್ ಒಂದು. ಸ್ವೀಡನ್ನಿನ ಯೋರ್ಗೆನ್ ಲೇಮನ್ ರೂಪಿಸಿದ ಪ್ಯಾರಾ ಅಮೈನೋ ಸ್ಯಾಲಿಸಿಲಿಕ್ ಆಮ್ಲ, ಸಂಕ್ಷೇಪವಾಗಿ ಪಿ.ಎ.ಎಸ್., ಇನ್ನೊಂದು. ಈ ಮೂರನ್ನೂ ಕೂಡಿಸಿ ಒಂದೂವರೆ ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕೊಟ್ಟರೆ ಕ್ಷಯ ಸಂಪೂರ್ಣ ಗುಣವಾಗುವುದೆಂದು ಎಡಿನ್‌ಬರೋದಲ್ಲಿ ಜಾನ್ ಕ್ರಾಫ್ಟನ್ ಮತ್ತು ಅವರ ಸಂಗಡಿಗರು ತೋರಿಸಿದರು. ರಸಾಯನ ವಿಜ್ಞಾನದ ಪ್ರಶ್ನೆ ಇಲ್ಲಿಗೆ ತಕ್ಕಮಟ್ಟಿಗೆ ಬಗೆಹರಿಯಿತು. ಆದರೆ ಲಕ್ಷಾಂತರ ರೋಗಿಗಳೂ ಬೆರಳೆಣಿಕೆಯ ಹಾಸಿಗೆಗಳೂ ಇದ್ದ ಭಾರತದಂತಹ ದೇಶದಲ್ಲಿ ಅಷ್ಟು ದೀರ್ಘಕಾಲ ಔಷಧ ಕೊಡುವುದು ಹೇಗೆ?

ಮದರಾಸು ಮತ್ತು ಬೆಂಗಳೂರಿನ ಕೊಡುಗೆ

ಈ ಪ್ರಶ್ನೆಗೆ ಉತ್ತರ ಹುಡುಕಲು 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ರಾಸಾಯನಿಕ ಚಿಕಿತ್ಸಾ ಕೇಂದ್ರ ಸ್ಥಾಪಿತವಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಗಳು ಇದರಲ್ಲಿ ಕೈಜೋಡಿಸಿದವು. ವ್ಯಾಲೆಸ್ ಫಾಕ್ಸ್ ಇದರ ನೇತೃತ್ವ ವಹಿಸಿದ್ದರು. ನಗರದ ಬಡ ಕುಟುಂಬಗಳ ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪು ಆರೋಗ್ಯಧಾಮದಲ್ಲಿ ಉಳಿಯಿತು; ಇನ್ನೊಂದು ತಮ್ಮ ಮನೆಗಳಲ್ಲಿಯೇ ಉಳಿಯಿತು. ಎರಡೂ ಗುಂಪುಗಳಿಗೆ ದೊರೆತದ್ದು ಒಂದು ವರ್ಷದ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್.

ಆರೋಗ್ಯಧಾಮದವರಿಗೆ ಒಳ್ಳೆಯ ಆಹಾರ, ವಿಶ್ರಾಂತಿ, ಶುಶ್ರೂಷೆ ಇದ್ದವು. ಮನೆಯವರಿಗೆ ಇಕ್ಕಟ್ಟಾದ ಕೋಣೆ, ಅರೆಹೊಟ್ಟೆಯ ಊಟ, ದುಡಿಮೆಯ ಒತ್ತಡ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳ ಬಹುಪಾಲು ರೋಗಿಗಳು ಗುಣಮುಖರಾಗಿದ್ದರು. ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಮನೆಯಲ್ಲಿದ್ದ ರೋಗಿಗಳಿಂದ ಅವರ ಮನೆಮಂದಿಗೆ ರೋಗ ಹೆಚ್ಚಾಗಿ ಹರಡಿದ ನಿದರ್ಶನವೂ ಕಾಣಲಿಲ್ಲ. ಚಿಕಿತ್ಸೆ ಆರಂಭವಾದ ಕೆಲ ಕಾಲದಲ್ಲಿಯೇ ಕಫದಲ್ಲಿನ ಬ್ಯಾಕ್ಟೀರಿಯಾಗಳು ಇಳಿಮುಖವಾಗುವುದೇ ಇದಕ್ಕೆ ಕಾರಣ. ಆರೋಗ್ಯಧಾಮಗಳ ಯುಗವನ್ನು ಕೊನೆಗಾಣಿಸಿದ ಅಧ್ಯಯನ ಇದು. ಜಗತ್ತಿನ ಅನೇಕ ದೇಶಗಳು ತಮ್ಮ ನೀತಿಯನ್ನು ಬದಲಿಸಿಕೊಂಡದ್ದು ಮದರಾಸಿನ ಬಡ ಕೇರಿಗಳಲ್ಲಿ ದೊರೆತ ಈ ಸಾಕ್ಷ್ಯದ ಆಧಾರದ ಮೇಲೆ.

1959ರಲ್ಲಿಯೇ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಮನೆಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ಮದರಾಸು ತೋರಿಸಿತ್ತು. ಆ ಚಿಕಿತ್ಸೆಯನ್ನು ಜಿಲ್ಲೆಯೊಂದರ ಹಳ್ಳಿಹಳ್ಳಿಗೂ ತಲುಪಿಸುವ ಮಾದರಿಯನ್ನು ರೂಪಿಸುವುದು ಬೆಂಗಳೂರಿನ ಕೆಲಸವಾಯಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್‌ಡನ್ ಮಾಲರ್ ಈ ಹಂತದಲ್ಲಿ ಇಲ್ಲಿ ಕಾರ್ಯನಿರ್ವಹಿಸಿದ್ದರು. ಸಂಸ್ಥೆಯ ಸಮಾಜಶಾಸ್ತ್ರೀಯ ಅಧ್ಯಯನವೊಂದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತು. ಡಿ. ಬ್ಯಾನರ್ಜಿ ಮತ್ತು ಎಸ್. ಆ್ಯಂಡರ್ಸನ್ 1963ರಲ್ಲಿ ಇದನ್ನು ಪ್ರಕಟಿಸಿದರು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಅವರಾಗಿಯೇ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಅಂದು ಅಧಿಕಾರಿಗಳಲ್ಲಿ ಬಲವಾಗಿತ್ತು. ಅಧ್ಯಯನ ತೋರಿಸಿದ್ದು ಇದಕ್ಕೆ ವಿರುದ್ಧವಾದುದನ್ನು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಮಂದಿ ಅದಾಗಲೇ ಚಿಕಿತ್ಸೆಗಾಗಿ ಅಲೆದಿದ್ದರು. ಹಾಗೆ ಬಂದವರಿಗೆ ಸಿಗುತ್ತಿದ್ದುದು ಹೆಚ್ಚಾಗಿ ಒಂದು ಸೀಸೆ ಕೆಮ್ಮಿನ ಔಷಧ. ರೋಗಿ ಬಾಗಿಲಿಗೆ ಬಂದಿದ್ದ. ಔಷಧವೂ ಜಗತ್ತಿನಲ್ಲಿ ಇತ್ತು. ಇವೆರಡರ ನಡುವೆ ಇಲ್ಲದಿದ್ದುದು ಕಫ ಪರೀಕ್ಷೆ ಮಾಡುವ ಒಂದು ಸೂಕ್ಷ್ಮದರ್ಶಕ ಮತ್ತು ಅದನ್ನು ಬಳಸುವ ವ್ಯವಸ್ಥೆ.

1962ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಈ ಅರಿವನ್ನು ಆಧರಿಸಿತ್ತು. ಕ್ಷಯಕ್ಕೆಂದೇ ಪ್ರತ್ಯೇಕ ಆಸ್ಪತ್ರೆಗಳನ್ನು ಕಟ್ಟುವ ಬದಲು ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ ಪತ್ತೆ ಮತ್ತು ಚಿಕಿತ್ಸೆ ನಡೆಯಬೇಕೆಂಬುದು ಅದರ ತಿರುಳು. ಪಿ.ಎ.ಎಸ್. ಅನ್ನು ದಿನಕ್ಕೆ ಹತ್ತು ಗ್ರಾಂನಷ್ಟು ನುಂಗಬೇಕಾಗಿತ್ತು, ಹೊಟ್ಟೆಗೆ ಒಗ್ಗುತ್ತಿರಲಿಲ್ಲ, ಬೆಲೆಯೂ ಹೆಚ್ಚು. ಅದರ ಸ್ಥಾನಕ್ಕೆ ಡೊಮಾಕ್ ತಂಡದ ಥಯಾಸಿಟಜೋನ್ ಬಂದಿತು. 300 ಮಿಲಿಗ್ರಾಂ ಐಸೋನಿಯಾಜಿಡ್ ಮತ್ತು 150 ಮಿಲಿಗ್ರಾಂ ಥಯಾಸಿಟಜೋನ್ ಕೂಡಿದ ದಿನದ ಪ್ರಮಾಣ ಅಂದಿಗೆ ಅತ್ಯಂತ ಅಗ್ಗದ ಕ್ಷಯ ಚಿಕಿತ್ಸೆಯಾಗಿತ್ತು. ಥಯಾಸಿಟಜೋನ್ ಚರ್ಮದ ಮೇಲೆ ಉಂಟುಮಾಡುವ ತೀವ್ರ ದುಷ್ಪರಿಣಾಮ, ವಿಶೇಷವಾಗಿ ಎಚ್‌ಐವಿ ಸೋಂಕಿತರಲ್ಲಿ ಮಾರಣಾಂತಿಕವಾಗುವುದೆಂದು ಅನಂತರ ತಿಳಿದು ಅದರ ಬಳಕೆ ನಿಂತಿತು.

ದೇಹದಿಂದ ದೇಹಕ್ಕೆ ಭೇದ

ಒಂದೇ ಪ್ರಮಾಣದ ಐಸೋನಿಯಾಜಿಡ್ ಎಲ್ಲರ ರಕ್ತದಲ್ಲಿಯೂ ಒಂದೇ ಬಗೆಯಾಗಿ ಉಳಿಯುವುದಿಲ್ಲ. ಯಕೃತ್ತಿನ ಒಂದು ಕಿಣ್ವವು ಈ ಅಣುವಿನ ಹೈಡ್ರಜೀನ್ ತುದಿಗೆ ಅಸಿಟೈಲ್ ಗುಂಪನ್ನು ಜೋಡಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಈ ಕಿಣ್ವದ ವೇಗ ಆನುವಂಶಿಕವಾಗಿ ನಿರ್ಧಾರವಾಗುತ್ತದೆ. ಕೆಲವರು ಶೀಘ್ರ ಅಸಿಟೈಲಕಾರಿಗಳು, ಕೆಲವರು ನಿಧಾನ ಅಸಿಟೈಲಕಾರಿಗಳು. ದಕ್ಷಿಣ ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿಧಾನ ವರ್ಗದವರು. ವ್ಯಕ್ತಿಯ ವಂಶವಾಹಿಗೂ ಔಷಧದ ಪರಿಣಾಮಕ್ಕೂ ಇರುವ ಸಂಬಂಧವನ್ನು ಅಭ್ಯಸಿಸುವ ಜ್ಞಾನಶಾಖೆಗೆ ಐಸೋನಿಯಾಜಿಡ್ ಆರಂಭದ ನಿದರ್ಶನಗಳಲ್ಲಿ ಒಂದು.

ಪ್ರತಿದಿನ ಔಷಧ ಸೇವಿಸುವಾಗ ಈ ಭೇದದಿಂದ ಚಿಕಿತ್ಸೆಯ ಫಲದಲ್ಲಿ ಅಷ್ಟಾಗಿ ವ್ಯತ್ಯಾಸವಾಗುವುದಿಲ್ಲ. ಆದರೆ ವಾರಕ್ಕೊಮ್ಮೆ ಕೊಡುವ ಪದ್ಧತಿಯನ್ನು ಮದರಾಸಿನಲ್ಲಿ ಪರೀಕ್ಷಿಸಿದಾಗ ಶೀಘ್ರ ವರ್ಗದವರಲ್ಲಿ ಅದು ಸೋತಿತು. ನಿಧಾನ ವರ್ಗದವರ ತೊಂದರೆ ಬೇರೆ. ಐಸೋನಿಯಾಜಿಡ್ ದೇಹದಲ್ಲಿರುವ ಬಿ6 ವಿಟಮಿನ್ನಿನೊಡನೆ ಕೂಡಿ ಅದನ್ನು ಬಳಕೆಗೆ ಸಿಗದಂತೆ ಮಾಡುವುದರಿಂದ ಕೈಕಾಲುಗಳಲ್ಲಿ ಜೋಮು, ಉರಿ ಕಾಣಿಸಿಕೊಳ್ಳುತ್ತದೆ. ಪೌಷ್ಟಿಕತೆಯ ಕೊರತೆಯಿರುವವರಲ್ಲಿ, ಗರ್ಭಿಣಿಯರಲ್ಲಿ, ಮದ್ಯವ್ಯಸನಿಗಳಲ್ಲಿ ಇದು ಹೆಚ್ಚು. ಮಾತ್ರೆಯ ಜೊತೆಗೆ ಅಲ್ಪ ಪ್ರಮಾಣದ ಪಿರಿಡಾಕ್ಸಿನ್ ಕೊಟ್ಟರೆ ಇದನ್ನು ತಪ್ಪಿಸಬಹುದು. ಕೆಲವರಲ್ಲಿ ಯಕೃತ್ತಿನ ಉರಿಯೂತವೂ ಆಗುವುದುಂಟು. ಆದುದರಿಂದ ಕಾಮಾಲೆಯ ಲಕ್ಷಣಗಳ ಬಗ್ಗೆ ರೋಗಿಗೆ ಮೊದಲೇ ತಿಳಿಸುವುದು ಅಗತ್ಯ.

ಅಣು ಕೆಲಸ ಮಾಡುವ ಬಗೆ

ಕ್ಷಯದ ಬ್ಯಾಕ್ಟೀರಿಯಾವನ್ನು ಮಿಲಿಲೀಟರಿಗೆ ಮೈಕ್ರೊಗ್ರಾಮಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ ಪ್ರಮಾಣದಲ್ಲಿಯೇ ತಡೆಯುವ ಈ ಅಣು, ಬೇರೆ ಸಾಮಾನ್ಯ ಬ್ಯಾಕ್ಟೀರಿಯಾಗಳ ಮೇಲೆ ಪ್ರಭಾವ ಬೀರುವುದಿಲ್ಲ. ಈ ಆಯ್ಕೆಯ ರಹಸ್ಯ ಬಯಲಾದದ್ದು 1990ರ ದಶಕದಲ್ಲಿ. ಐಸೋನಿಯಾಜಿಡ್ ಸ್ವತಃ ವಿಷವಲ್ಲ, ಅದೊಂದು ಪೂರ್ವೌಷಧ. ಬ್ಯಾಕ್ಟೀರಿಯಾದಲ್ಲಿ ಕ್ಯಾಟಲೇಸ್-ಪೆರಾಕ್ಸಿಡೇಸ್ ಎಂಬ ಕಿಣ್ವವಿದೆ. ಪರಪೋಷಿ ಜೀವಕೋಶಗಳು ತನ್ನ ಮೇಲೆ ಹರಿಸುವ ಹೈಡ್ರೋಜನ್ ಪೆರಾಕ್ಸೈಡಿನಿಂದ ತನ್ನನ್ನು ಕಾಪಾಡಿಕೊಳ್ಳಲು ಬ್ಯಾಕ್ಟೀರಿಯಾ ಇಟ್ಟುಕೊಂಡಿರುವ ಕಿಣ್ವ ಅದು. ಅದೇ ಕಿಣ್ವ ಐಸೋನಿಯಾಜಿಡ್ ಅನ್ನು ಉತ್ಕರ್ಷಿಸಿ ಅತ್ಯಂತ ಚುರುಕಾದ ರ್‍ಯಾಡಿಕಲ್ ಆಗಿ ಮಾರ್ಪಡಿಸುತ್ತದೆ. ಈ ಕಿಣ್ವದ ಜೀನು ಮತ್ತು ಔಷಧದ ನಡುವಣ ಸಂಬಂಧವನ್ನು ಯಿಂಗ್ ಝಾಂಗ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದರು.

ಹೀಗೆ ಹುಟ್ಟಿದ ರ್‍ಯಾಡಿಕಲ್, ಎನ್‌ಎಡಿ ಎಂಬ ಸಹಕಿಣ್ವದೊಡನೆ ಬೆಸೆದುಕೊಂಡು ಒಂದು ಜೋಡಿ ಅಣುವಾಗುತ್ತದೆ. ಆ ಜೋಡಿ ಅಣು ‘ಇನ್ಹ್-ಎ’ ಎಂಬ ಮತ್ತೊಂದು ಕಿಣ್ವದ ಗೂಡಿನಲ್ಲಿ ಭದ್ರವಾಗಿ ಕುಳಿತು ಅದನ್ನು ಕಟ್ಟಿಹಾಕುತ್ತದೆ. ಈ ಕಿಣ್ವವನ್ನು ಗುರಿಯೆಂದು 1994ರಲ್ಲಿ ಗುರುತಿಸಲಾಯಿತು. ಜೋಡಿ ಅಣುವಿನ ಚಿತ್ರ ಸ್ಫಟಿಕ ಅಧ್ಯಯನದ ಮೂಲಕ 1998ರಲ್ಲಿ ದೊರೆಯಿತು. ಇನ್ಹ್-ಎ ಕಿಣ್ವದ ಕೆಲಸ ಮೈಕಾಲಿಕ್ ಆಮ್ಲಗಳ ತಯಾರಿಕೆಯಲ್ಲಿ ನೆರವಾಗುವುದು. ಅರವತ್ತರಿಂದ ತೊಂಬತ್ತು ಇಂಗಾಲಗಳುಳ್ಳ ಈ ಉದ್ದನೆಯ ಮೇದಾಮ್ಲಗಳು ಕ್ಷಯದ ಬ್ಯಾಕ್ಟೀರಿಯಾಕ್ಕೆ ಮೇಣದ ಕವಚ. ಅವುಗಳಿಲ್ಲದೆ ಹೊಸ ಗೋಡೆ ಕಟ್ಟಲಾರದೆ, ವಿಭಜನೆಯಾಗುತ್ತಿರುವ ಬ್ಯಾಕ್ಟೀರಿಯಾ ಸಾಯುತ್ತದೆ. ಮನುಷ್ಯನಲ್ಲಿ ಮೈಕಾಲಿಕ್ ಆಮ್ಲವೇ ಇಲ್ಲದ್ದರಿಂದ ಈ ಗುರಿಯಲ್ಲಿ ಅವನಿಗೆ ಹಾನಿಯಿಲ್ಲ. ವಿಭಜಿಸದೆ ಸುಪ್ತವಾಗಿರುವ ಬ್ಯಾಕ್ಟೀರಿಯಾಗಳನ್ನು ಐಸೋನಿಯಾಜಿಡ್ ಒಂದೇ ಪೂರ್ತಿಯಾಗಿ ಅಳಿಸಲಾರದೇಕೆ ಎಂಬುದಕ್ಕೂ ಇದೇ ವಿವರಣೆ. ಆ ಕೆಲಸಕ್ಕೆ ರಿಫಾಂಪಿಸಿನ್ ಮತ್ತು ಪಿರಜಿನಮೈಡ್ ಬೇಕು. ಇವುಗಳು ಸೇರಿದ ಬಳಿಕವೇ ಚಿಕಿತ್ಸೆಯ ಅವಧಿ ಆರು ತಿಂಗಳಿಗೆ ಇಳಿಯಿತು.

ಪ್ರತಿರೋಧ ಮತ್ತು ಹೊಸ ಅಣುಗಳು

ಕ್ರಿಯಾವಿಧಾನ ತಿಳಿದಾಗ ಪ್ರತಿರೋಧದ ಮರ್ಮವೂ ತಿಳಿಯಿತು. ಔಷಧವನ್ನು ಚುರುಕುಗೊಳಿಸುವ ಕ್ಯಾಟಲೇಸ್-ಪೆರಾಕ್ಸಿಡೇಸ್ ಕಿಣ್ವದ 315ನೆಯ ಅಮೈನೋ ಆಮ್ಲ ಬದಲಾದರೆ ಸಾಕು, ಐಸೋನಿಯಾಜಿಡ್ ಹಾಗೆಯೇ ಉಳಿದುಬಿಡುತ್ತದೆ. ಕಿಣ್ವದ ರಕ್ಷಣಾಕಾರ್ಯವೂ ಬಹುಮಟ್ಟಿಗೆ ಉಳಿಯುತ್ತದೆ. ಇನ್ಹ್-ಎ ಕಿಣ್ವವನ್ನು ಬ್ಯಾಕ್ಟೀರಿಯಾ ಅತಿಯಾಗಿ ತಯಾರಿಸುವುದು ಇನ್ನೊಂದು ದಾರಿ. ಇದರಿಂದ ಉಂಟಾಗುವ ಪ್ರತಿರೋಧ ಸೌಮ್ಯವಾದುದು. ಹೆಚ್ಚಿನ ಪ್ರಮಾಣದ ಐಸೋನಿಯಾಜಿಡ್‌ಗೆ ಅದು ಮಣಿಯಬಲ್ಲದು. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಮಣಿಯದ ರೋಗವನ್ನು ಬಹು ಔಷಧ ಪ್ರತಿರೋಧಿ ಕ್ಷಯವೆಂದು ಕರೆಯುತ್ತಾರೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಭಾರತದಲ್ಲಿಯೇ ಇರುವುದರಿಂದ ಇದು ನಮ್ಮ ಪಾಲಿಗೆ ದೂರದ ಸಮಸ್ಯೆಯಲ್ಲ.

ಇದಕ್ಕೆ ಉತ್ತರವಾಗಿ ಬಂದ ಅಣುಗಳಲ್ಲಿ ಬೆಡಾಕ್ವಿಲಿನ್ ಪ್ರಮುಖವಾದುದು. ಕೂನ್ ಆಂಡ್ರೀಸ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ವರದಿ ಮಾಡಿದರು. ಅಮೆರಿಕದಲ್ಲಿ 2012ರ ಡಿಸೆಂಬರಿನಲ್ಲಿ ಇದಕ್ಕೆ ಅನುಮತಿ ದೊರೆಯಿತು. ಬ್ಯಾಕ್ಟೀರಿಯಾದ ಶಕ್ತಿ ಉತ್ಪಾದನೆಯ ಯಂತ್ರವಾದ ಎಟಿಪಿ ಸಿಂಥೇಸ್ ಇದರ ಗುರಿ. ಐಸೋನಿಯಾಜಿಡ್‌ನೊಡನೆ ಹೋಲಿಸಿದರೆ ಇದರ ಸಂಶ್ಲೇಷಣೆಯ ಕಷ್ಟ ಸ್ಪಷ್ಟವಾಗುತ್ತದೆ. ಅಣುತೂಕ 555, ಎರಡು ಅಸಮಮಿತ ಇಂಗಾಲಗಳಿರುವುದರಿಂದ ನಾಲ್ಕು ತ್ರಿವಿಮ ರೂಪಗಳು ಸಾಧ್ಯ, ಅವುಗಳಲ್ಲಿ ಔಷಧವಾಗಿ ಬೇಕಾದುದು ಒಂದು ಮಾತ್ರ. ಬೆಂಗಳೂರಿನ ಔಷಧ ಸಂಶೋಧನ ಕೇಂದ್ರವೊಂದರಲ್ಲಿ ರೂಪುಗೊಂಡು 2013ರಲ್ಲಿ ಪ್ರಕಟವಾದ ಅಜೈಂಡೋಲ್ ಗುಂಪಿನ ಅಣುಗಳೂ ಬ್ಯಾಕ್ಟೀರಿಯಾದ ಕೋಶಭಿತ್ತಿಯ ತಯಾರಿಕೆಯನ್ನು ಬೇರೊಂದು ಹಂತದಲ್ಲಿ ತಡೆಯುತ್ತವೆ. ಅವುಗಳಲ್ಲಿ ಒಂದು ಮನುಷ್ಯರ ಮೇಲಿನ ಪ್ರಯೋಗದವರೆಗೂ ಸಾಗಿತು.

ಬೆಡಾಕ್ವಿಲಿನ್‌ನ ಬೆಲೆಯ ಪ್ರಶ್ನೆ ಅದರ ರಸಾಯನ ವಿಜ್ಞಾನದಷ್ಟೇ ಮುಖ್ಯವಾಯಿತು. ಭಾರತದ 1970ರ ಪೇಟೆಂಟು ಕಾಯಿದೆ ಔಷಧದ ಅಣುವಿಗೆ ಪೇಟೆಂಟು ಕೊಡುತ್ತಿರಲಿಲ್ಲ. 2005ರ ತಿದ್ದುಪಡಿಯ ಬಳಿಕ ಕೊಡತೊಡಗಿತು. ಮೂಲ ಅಣುವಿನ ಪೇಟೆಂಟು 2023ರ ಜುಲೈನಲ್ಲಿ ಮುಗಿಯುವುದಿತ್ತು. ಅಣುವಿನ ಫ್ಯೂಮರೇಟ್ ಲವಣದ ಮೇಲೆ ಇನ್ನೊಂದು ಪೇಟೆಂಟಿಗಾಗಿ ಸಲ್ಲಿಸಿದ್ದ ಅರ್ಜಿಯನ್ನು ಭಾರತದ ಪೇಟೆಂಟು ಕಚೇರಿ 2023ರ ಮಾರ್ಚಿನಲ್ಲಿ ತಿರಸ್ಕರಿಸಿತು. ಈ ಅರ್ಜಿಯನ್ನು ವಿರೋಧಿಸಿದವರಲ್ಲಿ ಕ್ಷಯದಿಂದ ಗುಣಮುಖರಾದರೂ ಹಳೆಯ ಚುಚ್ಚುಮದ್ದಿನ ಪರಿಣಾಮವಾಗಿ ಶ್ರವಣಶಕ್ತಿ ಕಳೆದುಕೊಂಡಿದ್ದ ಇಬ್ಬರು ಯುವತಿಯರು ಇದ್ದರು. ಬೆಡಾಕ್ವಿಲಿನ್ ಸಕಾಲಕ್ಕೆ ಸಿಕ್ಕಿದ್ದರೆ ಅಂತಹ ಚುಚ್ಚುಮದ್ದಿನ ಅಗತ್ಯವೇ ಬೀಳುತ್ತಿರಲಿಲ್ಲ ಎಂಬುದನ್ನು ನೆನೆದರೆ ಅವರ ವಿರೋಧದ ತೂಕ ತಿಳಿಯುತ್ತದೆ.

ಸಮಾರೋಪ

ಐಸೋನಿಯಾಜಿಡ್‌ನ ಚರಿತ್ರೆಯಿಂದ ಮೂರು ಅಂಶಗಳನ್ನು ಸಂಗ್ರಹಿಸಬಹುದು. ಮೊದಲನೆಯದು, ಸಂಶ್ಲೇಷಣೆಯೇ ಆವಿಷ್ಕಾರವಲ್ಲ. 1912ರಲ್ಲಿ ತಯಾರಾದ ಅಣುವಿಗೆ ಯಾರೂ ಸರಿಯಾದ ಪ್ರಶ್ನೆಯನ್ನು ಕೇಳದಿದ್ದುದರಿಂದ ಅದು ನಾಲ್ಕು ದಶಕ ಸುಮ್ಮನಿದ್ದಿತು. ಗ್ರಂಥಾಲಯಗಳಲ್ಲಿ ಇಂದಿಗೂ ಹೆಸರು ಮತ್ತು ಕುದಿಬಿಂದುಗಳೊಡನೆ ಮಲಗಿರುವ ಸಂಯುಕ್ತಗಳು ಎಷ್ಟೋ ಇವೆ. ಎರಡನೆಯದು, ಸಂಶ್ಲೇಷಣೆಯ ಸರಳತೆಯೂ ಒಂದು ವೈದ್ಯಕೀಯ ಗುಣ. ಮೂರು ಹಂತಗಳಲ್ಲಿ, ಸುಲಭವಾಗಿ ದೊರೆಯುವ ಮೂಲವಸ್ತುಗಳಿಂದ, ಯಾರ ಅಪ್ಪಣೆಯೂ ಇಲ್ಲದೆ ತಯಾರಿಸಬಹುದಾಗಿದ್ದುದರಿಂದಲೇ ಅದು ಒಂದು ರಾಷ್ಟ್ರೀಯ ಕಾರ್ಯಕ್ರಮದ ಆಧಾರವಾಗಬಲ್ಲದಾಯಿತು. ಮೂರನೆಯದು, ಅಣು ಎಷ್ಟೇ ಪ್ರಬಲವಾಗಿದ್ದರೂ ಅದನ್ನು ರೋಗಿಯವರೆಗೆ ಕೊಂಡೊಯ್ಯುವ ವ್ಯವಸ್ಥೆ ಇಲ್ಲದಿದ್ದರೆ ಅದು ಔಷಧವಲ್ಲ. ಅರೆಬರೆಯಾಗಿ ಕೊಂಡೊಯ್ದರೆ ಪ್ರತಿರೋಧವನ್ನು ಬೆಳೆಸುವ ಸಾಧನ.

ಇಂದಿಗೂ ಸಾಮಾನ್ಯ ಕ್ಷಯದ ಚಿಕಿತ್ಸೆಯಲ್ಲಿ ಆರು ತಿಂಗಳೂ, ರೋಗಿಯ ಮನೆಮಂದಿಗೆ ಕೊಡುವ ಮುಂಜಾಗ್ರತಾ ಚಿಕಿತ್ಸೆಯಲ್ಲಿಯೂ ಈ ಅಣು ಇದೆ. ಹೊಸ ಅಣುಗಳನ್ನು ಕಟ್ಟುವ ಸಂಶೋಧಕರು ಅದರ ಗುರಿಯನ್ನೂ ರಚನೆಯನ್ನೂ ಅಭ್ಯಾಸ ಮಾಡುವುದು ಸಹಜ. ಅದರೊಡನೆ, ತುಮಕೂರಿನ ಹಳ್ಳಿಗಳಿಂದ ಕೆಮ್ಮುತ್ತ ಬಂದು ಸೀಸೆ ಔಷಧದೊಡನೆ ಹಿಂದಿರುಗಿದವರ ದಾಖಲೆಯನ್ನೂ ಓದಬೇಕಾಗುತ್ತದೆ. ಅಣುವೊಂದರ ಪೂರ್ಣ ಪರಿಚಯ ಆಗುವುದು ಆ ಎರಡನ್ನೂ ಒಟ್ಟಿಗೆ ಓದಿದಾಗಲೇ.